ಅಪ್ಪಿಯಕ್ಕ ಒಪ್ಪಿದ ಕಾಫಿ

ಮಂಗಳವಾರ ಮಧ್ಯಾಹ್ನ ಮೂರೂವರೆಗೆ, ಗೋರೆಗಾಂವಿನ ತನ್ನ ಬಿಲ್ಡಿಂಗಿನ ಎರಡನೆಯ ಮಹಡಿಯನ್ನು ದಾಟಿ ಮೂರನೆಯದರ ಮೆಟ್ಟಿಲಿಗೆ ಕಾಲಿಟ್ಟಾಗಲೇ ವಿಜೇತಾಳ ಮೂಗಿಗೆ ಗ್ಯಾಸಿನ ವಾಸನೆ ಬಡಿಯಿತು. ಅದು ಅವಳು ಮನೆಗೆ ಬರುವ ಹೊತ್ತೇ ಅಲ್ಲ. ಫೋರ್ಟಿನ ಗಲ್ಲಿಯಲ್ಲಿ ನೀರಿನ ಪೈಪು ಒಡೆದು, ಕಾಫಿ ಅಂಗಡಿಯ ಶಟರನ್ನು ಎರಡು ಗಂಟೆಗೇ ಎಳೆಯಬೇಕಾಗಿ ಬಂದುದರಿಂದ ಅಷ್ಟು ಬೇಗ ಹಿಂತಿರುಗಿದ್ದಳು. ಯಾರ ಮನೆಯದೋ ಇರಬೇಕು ಎಂದುಕೊಂಡಳು. ತನ್ನದೇ ಬಾಗಿಲನ್ನು ತೆರೆದ ಮೇಲೆ ಹಾಗೆ ಅಂದುಕೊಳ್ಳಲು ಅವಕಾಶ ಉಳಿಯಲಿಲ್ಲ.

ಅತ್ತೆ ಅಪ್ಪಿ ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಒರಗಿ, ಒಲೆಗೆ ಬೆನ್ನಾಗಿ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಆರು ವರ್ಷದ ಯಕ್ಷಿತಾ ಅವರ ಪಕ್ಕದಲ್ಲಿ ಬೋರಲಾಗಿ ಮಲಗಿ ಪುಸ್ತಕದ ನವಿಲಿಗೆ ಬಣ್ಣ ತುಂಬುತ್ತಿದ್ದಳು. ಒಲೆಯ ಮೇಲೆ ಹಾಲು ಉಕ್ಕಿ ಹರಿದು ಉರಿಯನ್ನು ನಂದಿಸಿತ್ತು. ಒಲೆಯನ್ನು ತಿರುಗಿಸುವ ಕಿವಿ ಮಾತ್ರ ಪೂರ್ತಿ ತೆರೆದೇ ಇತ್ತು.

ವಿಜೇತಾ ಒಲೆಯನ್ನು ಮುಚ್ಚಿದಳು, ಕಿಟಕಿಯ ಎರಡೂ ಬಾಗಿಲುಗಳನ್ನು ತಳ್ಳಿದಳು, ಮಗುವನ್ನು ಕಂಕುಳಲ್ಲಿ ಎತ್ತಿ ಹೊರಗಿನ ಪಡಸಾಲೆಗೆ ತಂದು ನಿಲ್ಲಿಸಿದಳು.

"ಎಂತ ಮಾರಾಯ್ತಿ, ಕಳ್ಳರು ಬಂದ ಹಾಗೆ?" ಎಂದು ಅಪ್ಪಿ ಒಳಗಿನಿಂದ ಕೇಳಿದರು.

"ಅತ್ತೆ, ಗ್ಯಾಸು."

"ಎಲ್ಲಿ?"

ಯಕ್ಷಿತಾ ತಾಯಿಯ ಸೆರಗು ಹಿಡಿದು ದೂರಿತ್ತಳು. "ಮಮ್ಮಾ, ನಾನು ಅಜ್ಜಿಗೆ ಹೇಳಿದೆ, ಗಂದಾ ಸ್ಮೆಲ್ ಬರ್ತಾ ಇದೆ ಅಂತ. ಅಜ್ಜಿ ಏನಿಲ್ಲ ಹೇಳಿದ್ರು."

ವಿಜೇತಾ ಅತ್ತೆಯ ಮುಖವನ್ನು ನೋಡಿದಳು. ಬೆಳ್ಳುಳ್ಳಿ ಹಿಡಿದ ಆ ಕೈ ಮಡಿಲಲ್ಲಿ ನಿಂತುಹೋಗಿತ್ತು. ಈ ಕೈಯ ಮೇಲೆ, ಈ ಮೂಗಿನ ಮೇಲೆ ತನ್ನ ಸಂಸಾರ ಹನ್ನೊಂದು ವರ್ಷಗಳಿಂದ ಉಣ್ಣುತ್ತಿದೆಯೆಂಬುದು ಅವಳಿಗೆ ಗೊತ್ತಿತ್ತು. ಫೋರ್ಟಿನಲ್ಲಿ ಅವರ ಅಂಗಡಿ ಎಂದರೆ ಆರು ಸ್ಟೂಲುಗಳ ಒಂದು ಗೂಡು. ಅದರ ಬೋರ್ಡಿನ ಮೇಲೆ ಅಪ್ಪಿಯ ಮುಖದ ಚಿತ್ರ, ಕೆಳಗೆ ಮೂರು ಲಿಪಿಗಳಲ್ಲಿ 'ಅಪ್ಪಿಯಕ್ಕ ಒಪ್ಪಿದ ಕಾಫಿ' ಎಂಬ ಬರಹ. ಅದು ಬರಿಯ ಜಾಹೀರಾತಾಗಿರಲಿಲ್ಲ. ದಾದರಿನಲ್ಲಿ ಹುರಿಸಿ ತಂದ ಪುಡಿಗಳನ್ನು ಅಪ್ಪಿ ಮನೆಯಲ್ಲಿ ಬೆರೆಸುತ್ತಿದ್ದರು. ಬೆರೆಸಿದ ಮೇಲೆ ಒಂದು ಚಿಟಿಕೆಯನ್ನು ಅಂಗೈಗೆ ಹಾಕಿ, ಹೆಬ್ಬೆರಳಿನಿಂದ ತಿಕ್ಕಿ, ಕಣ್ಣು ಮುಚ್ಚಿ ಮೂಸಿ, "ಆವು" ಎನ್ನುತ್ತಿದ್ದರು. ತುಳುವಿನಲ್ಲಿ ಆ ಮಾತಿಗೆ 'ಆಗಬಹುದು' ಎಂದಷ್ಟೇ ಅರ್ಥ. ಆ ಮಾತು ಹೊರಬೀಳದೆ ಡಬ್ಬಿ ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಎಷ್ಟೋ ಬೆಳಗು "ಆಪುಜ್ಜಿ" ಎಂದು ತಲೆಯಾಡಿಸಿ, ಎರಡು ಕಿಲೋ ಪುಡಿಯನ್ನು ಅವರು ಬದಿಗೆ ಸರಿಸಿದ್ದೂ ಉಂಟು.

"ಯಾವಾಗಿನಿಂದ ಅತ್ತೆ?"

ಅಪ್ಪಿ ಮಡಿಲಿನ ಸಿಪ್ಪೆಗಳನ್ನು ಒಟ್ಟುಮಾಡಿದರು. "ಮಳೆಗಾಲದಲ್ಲಿ ಜ್ವರ ಬಂತಲ್ವಾ, ಅದರ ನಂತರ. ಮೊದಲು ಸ್ವಲ್ಪ ಸ್ವಲ್ಪ ಇತ್ತು. ಈಗ ಎಂತದೂ ಇಲ್ಲ. ಮಲ್ಲಿಗೆಯೂ ಒಂದೇ, ಮೀನೂ ಒಂದೇ."

"ಆರು ತಿಂಗಳಾಯಿತು. ದಿನಾ ಮೂಸುತ್ತಿದ್ದಿರಿ. ದಿನಾ ಆವು ಅನ್ನುತ್ತಿದ್ದಿರಿ."

"ತಿಲಕ ಹೇಳಿದ, ಅಮ್ಮ, ಅನ್ನು ಸಾಕು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಅಂತ."

ಗಂಡನಿಗೆ ಗೊತ್ತಿತ್ತು. ಗ್ಯಾಸಿಗಿಂತ ಈ ಮಾತು ವಿಜೇತಾಳಿಗೆ ಹೆಚ್ಚು ಉಸಿರುಗಟ್ಟಿಸಿತು. ಬೆಳಿಗ್ಗೆ ಐದೂವರೆಯ ಲೋಕಲ್ ಹಿಡಿದು ಅವಳು ಫೋರ್ಟಿಗೆ ಹೋಗುವುದು, ಅತ್ತೆ ಮಗುವನ್ನು ಶಾಲೆಗೆ ಬಿಟ್ಟು ಕರೆತಂದು, ಊಟ ಬಿಸಿಮಾಡಿ ಬಡಿಸಿ, ಸಂಜೆ ಆರರವರೆಗೆ ನೋಡಿಕೊಳ್ಳುವುದು, ತಿಲಕ ಗೋರೆಗಾಂವಿನಲ್ಲಿ ಎರಡನೆಯ ಅಂಗಡಿಗಾಗಿ ಓಡಾಡುವುದು: ಈ ಏರ್ಪಾಟನ್ನು ಮಾಡಿದವನೇ ತಿಲಕ. ತಾಯಿಗೆ ವಾಸನೆ ಬರುವುದಿಲ್ಲವೆಂದು ತಿಳಿದೇ ಅವನು ಮಗಳನ್ನು ಆ ಒಲೆಯ ಬಳಿ ಕೂರಿಸಿದ್ದ.

ಆ ದಿನ ಅವನು ಕಾಫಿ ಯಂತ್ರ ನೋಡಲು ಪುಣೆಗೆ ಹೋಗಿದ್ದ. ಬುಧವಾರ ಬೆಳಿಗ್ಗೆ ನೇರವಾಗಿ ಫೋರ್ಟಿನ ಅಂಗಡಿಗೇ ಬಂದ. ಅದು ಬ್ಯಾಂಕಿನವರೂ ಕೋರ್ಟಿನ ಗುಮಾಸ್ತರೂ ಮುಗಿಬೀಳುವ ಒಂಬತ್ತೂವರೆಯ ಹೊತ್ತು. ಒಳಗೆ ಕಲಬುರಗಿ ಕಡೆಯ ಈಶ್ವರ ಹಾಲು ಕಾಯಿಸುತ್ತಿದ್ದ. ಹೊರಗಿನ ಮೋರಿಯಾಚೆಯವರೆಗೆ ಗಿರಾಕಿಗಳು ನಿಂತಿದ್ದರು. ವಿಜೇತಾ ಗಲ್ಲಾಪೆಟ್ಟಿಗೆಯ ಮುಂದಿನಿಂದ ಏಳಲಿಲ್ಲ, ತಲೆಯನ್ನೂ ತಿರುಗಿಸಲಿಲ್ಲ.

"ನಿನ್ನೆ ಯಕ್ಷಿತಾ ಬದುಕಿ ಉಳಿದದ್ದು ನೀರಿನ ಪೈಪು ಒಡೆದದ್ದರಿಂದ" ಎಂದಳು.

"ಅಮ್ಮ ಫೋನ್ ಮಾಡಿದ್ದರು. ಮೆಲ್ಲ ಮಾತಾಡು." ಅವನು ಗಿರಾಕಿಯ ಕಡೆಗೆ ನಕ್ಕ. "ಬೋಲಿಯೇ ಸಾಹೇಬ್. ಈಶ್ವರಾ, ಎರಡು ಕಾಫಿ, ಒಂದು ಕಡಕ್."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ನೀನು ಮನೆಯಲ್ಲಿ ಕುಳಿತುಕೊಳ್ಳುತ್ತಿದ್ದೆ."

ಇದನ್ನು ಅವನು ಬೈಗುಳದಂತೆ ಹೇಳಲಿಲ್ಲ. ಹವೆಯ ವಿಷಯ ಹೇಳುವಷ್ಟು ಸಲೀಸಾಗಿ ಹೇಳಿದ. ಮನೆಯವರಿಗಾಗಿ ಎಂದು ಆರಂಭಿಸಿದ ಉದ್ಯೋಗಕ್ಕೆ ಮನೆಯವರನ್ನೇ ಸೌದೆಯಾಗಿ ಒಟ್ಟುವ ಮನುಷ್ಯ ತಾನು ಕೆಟ್ಟವನೆಂದು ಎಂದಾದರೂ ಭಾವಿಸಿದ್ದುಂಟೆ? ಅವನ ಲೆಕ್ಕದಲ್ಲಿ ಅವನು ದುಡಿಯುವವನು, ನಿದ್ದೆಗೆಟ್ಟವನು, ಮಗಳ ಭವಿಷ್ಯ ಕಟ್ಟುವವನು. ಆ ಭವಿಷ್ಯವನ್ನು ಕಾಣಲು ಮಗಳು ಬದುಕಿರಬೇಕೆಂಬ ಸಣ್ಣ ಸಂಗತಿಯೊಂದೇ ಅವನ ಯೋಜನೆಯಿಂದ ಜಾರಿಹೋಗಿತ್ತು.

"ಜನರಿಗೆ ಏನಾದರೂ ವ್ಯತ್ಯಾಸ ಗೊತ್ತಾಯಿತಾ?" ಅವನು ಅವಳ ಕಿವಿಯ ಹತ್ತಿರ ಬಗ್ಗಿದ. "ಅಮ್ಮನ ಕೈಯಳತೆಯನ್ನು ನಾನು ತಕ್ಕಡಿಯಲ್ಲಿ ಹಿಡಿದಿಟ್ಟಿದ್ದೇನೆ. ತೂಗಿ ಬೆರೆಸುವುದು ನಾನೇ. ಅವರು ಒಂದು ಮಾತು ಹೇಳುತ್ತಾರೆ, ಅಷ್ಟೆ."

"ಆ ಒಂದು ಮಾತನ್ನೇ ಬೋರ್ಡಿನ ಮೇಲೆ ಬರೆಸಿದ್ದೀರಲ್ಲ."

"ಅಕ್ಕಾರ, ಹಾಲ ಮುಗೀಲಿಕ್ಕ ಬಂತ್ರೀ" ಎಂದು ಈಶ್ವರ ಒಳಗಿನಿಂದ ಕೂಗಿದ. ಅವನಿಗೆ ಜಗಳ ಕೇಳಿಸಿತ್ತು. ಕೇಳಿಸದವನಂತೆ ಪಾತ್ರೆಯನ್ನು ಜೋರಾಗಿ ಬಡಿದ.

"ಭಾನುವಾರ ಕೊರಗಪ್ಪಣ್ಣ ಬರುತ್ತಾರೆ, ಕಾಗದಕ್ಕೆ ಸಹಿ ಹಾಕುತ್ತಾರೆ" ಎಂದ ತಿಲಕ. "ಅಂಗಡಿ ಶುರುವಾದ ಮೇಲೆ ಕೆಲಸದ ಬಾಯಿಯೊಬ್ಬಳನ್ನು ಇಡೋಣ, ಮಗುವನ್ನು ನೋಡಿಕೊಳ್ಳಲು. ಅಲ್ಲಿಯವರೆಗೆ ನಾಲ್ಕು ದಿನ ಬಾಯಿ ಮುಚ್ಚಿಕೊಂಡು ಇರು. ನಾಲ್ಕೇ ದಿನ."

ಕೊರಗಪ್ಪ ಗೋರೆಗಾಂವಿನಲ್ಲಿ ಎರಡು ಹೋಟೆಲು ನಡೆಸುವ ಹಿರಿಯರು. ಸ್ಟೇಷನ್ನಿನ ಎದುರು ಖಾಲಿಯಿದ್ದ ತಮ್ಮ ಅಂಗಡಿಯನ್ನು ಡಿಪಾಸಿಟ್ಟಿಲ್ಲದೆ, ಪಾಲುದಾರಿಕೆಯ ಮೇಲೆ ತಿಲಕನಿಗೆ ಕೊಡಲು ಒಪ್ಪಿದ್ದರು. ಅವರ ಷರತ್ತು ಒಂದೇ: ಎರಡೂ ಅಂಗಡಿಗಳ ಪುಡಿ ಅಪ್ಪಿಯಕ್ಕನ ಕೈ ದಾಟಿ ಬರಬೇಕು. ಮುಂಬಯಿಯಲ್ಲಿ ಅಂಥ ಜಾಗ ಅಂಥ ಷರತ್ತಿಗೆ ಇನ್ನೊಮ್ಮೆ ಸಿಗುವುದಿಲ್ಲವೆಂಬುದು ವಿಜೇತಾಳಿಗೂ ತಿಳಿದಿತ್ತು. ಮನೆಯ ಹತ್ತಿರವೇ ಅಂಗಡಿ. ನಿತ್ಯ ಮೂರು ಗಂಟೆಗಳ ಲೋಕಲ್ ಪ್ರಯಾಣ ಉಳಿಯುತ್ತದೆ. ಮಗು ಶಾಲೆಯಿಂದ ಬರುವಾಗ ತಾನು ಎದುರಿಗೆ ಇರಬಹುದು. ಆ ಅಂಗಡಿ ಬೇಕೆಂದು ಅವಳೂ ಆಸೆಪಟ್ಟಿದ್ದಳು. ಆದ್ದರಿಂದಲೇ ಅವಳು ಆ ಬುಧವಾರ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಹೋಗಲಿಲ್ಲ. ಆ ಅಪರಾಧದಲ್ಲಿ ತನ್ನ ಪಾಲು ಅಲ್ಲಿಂದ ಆರಂಭವಾಯಿತೆಂದು ಅವಳಿಗೆ ಬಳಿಕ ಅನ್ನಿಸಿತು.

ಗುರುವಾರ ಅವಳು ಊಟವನ್ನು ಡಬ್ಬಿಗಳಲ್ಲಿ ಬಿಸಿಯಾಗಿಟ್ಟು, ಗೋಡೆಯ ಬಳಿ ಗ್ಯಾಸ್ ಪೈಪಿನ ದೊಡ್ಡ ಕಿವಿಯನ್ನು ತಿರುಗಿಸಿ ಮುಚ್ಚಿ, ಲೈಟರನ್ನು ತನ್ನ ಚೀಲಕ್ಕೆ ಹಾಕಿಕೊಂಡು ಹೊರಟಳು. ಅಂಗಡಿಯಿಂದ ಗಂಟೆಗೊಮ್ಮೆ ಫೋನ್ ಮಾಡಿದಳು. ಹನ್ನೆರಡಕ್ಕೆ ಅತ್ತೆ ಎತ್ತಿದರು, ಒಂದಕ್ಕೆ ಎತ್ತಲಿಲ್ಲ, ಒಂದೂ ಹತ್ತಕ್ಕೆ, ಒಂದೂವರೆಗೆ ಎತ್ತಲಿಲ್ಲ. ಚರ್ಚ್‌ಗೇಟಿನಲ್ಲಿ ಸಿಕ್ಕಿದ ಗಾಡಿಯ ಬಾಗಿಲಲ್ಲಿ ನಿಂತು, ದಾದರ್, ಬಾಂದ್ರಾ, ಅಂಧೇರಿಗಳನ್ನು ಒಂದೊಂದಾಗಿ ಹಲ್ಲು ಕಚ್ಚಿ ದಾಟಿ, ಮನೆಗೆ ಬಂದಾಗ ಅತ್ತೆ ಒಲೆಯ ಮುಂದೆ ನಿಂತು ಮಗುವಿಗೆ ದೋಸೆ ಹೊಯ್ಯುತ್ತಿದ್ದರು. ಫೋನು ಹಾಸಿಗೆಯ ಅಡಿಯಲ್ಲಿತ್ತು. ಗ್ಯಾಸಿನ ಕಿವಿ ತೆರೆದಿತ್ತು. ಬೆಂಕಿಪೊಟ್ಟಣ ಪಕ್ಕದ ಮನೆಯ ದೇವಕ್ಕನದ್ದು.

"ತಣ್ಣಗಿನ ಅನ್ನವನ್ನು ಮಗು ಮುಟ್ಟಲಿಲ್ಲ" ಎಂದರು ಅಪ್ಪಿ, ತಿರುಗಿ ನೋಡದೆ. "ನನ್ನ ಮನೆಯಲ್ಲಿ ನನಗೇ ಬೆಂಕಿ ಇಲ್ಲದ ಹಾಗೆ ಮಾಡಿದೆಯಲ್ಲ ಮಗಾ. ದೇವಕ್ಕನ ಎದುರು ಕೈ ಚಾಚಿದೆ ನಾನು."

ವಿಜೇತಾ ಅಲ್ಲೇ ನೆಲದ ಮೇಲೆ ಕುಳಿತಳು. "ಭಾನುವಾರ ಕೊರಗಪ್ಪಣ್ಣನಿಗೆ ನಾನು ಹೇಳಿಬಿಡುತ್ತೇನೆ ಅತ್ತೆ."

ಅಪ್ಪಿ ಒಲೆಯನ್ನು ಆರಿಸಿ ಅವಳ ಮುಂದೆ ಬಂದು ಕುಳಿತರು. ಎಪ್ಪತ್ತೊಂದು ವರ್ಷದ ಆ ಹೆಂಗಸು ಸೊಸೆಯ ಮುಂದೆ ಅದುವರೆಗೆ ಯಾವುದಕ್ಕೂ ಬೇಡಿಕೊಂಡವರಲ್ಲ. "ಹೇಳಬೇಡ. ಕೊರಗಪ್ಪನಿಗೆ ಗೊತ್ತಾದ ಮೇಲೆ ನಾನು ಎಂತ ಮಾಡಿಕೊಂಡು ಇರುವುದು? ಊಟ ಮಾಡಿ ಮೂಲೆಯಲ್ಲಿ ಕೂತುಕೊಳ್ಳುವುದಾ? ಬೆಳಿಗ್ಗೆ ಎದ್ದರೆ ನನಗೆ ಆ ಕಾಫಿಪುಡಿಯ ಡಬ್ಬಿ ಉಂಟು. ಅದೊಂದು ಉಂಟು."

ಮೂರು ದಿನ ಈ ಮಾತು ವಿಜೇತಾಳನ್ನು ತಿಂದಿತು. ಶುಕ್ರವಾರ ಅವಳು ಮೈಯಲ್ಲಿ ಸರಿಯಿಲ್ಲವೆಂದು ಮನೆಯಲ್ಲಿ ಉಳಿದಳು; ಗುರುವಾರ ಅವಳು ಬಿಟ್ಟುಬಂದಿದ್ದ ಬೀಗದ ಕೈಯಿಂದ ಈಶ್ವರನೇ ಅಂಗಡಿ ತೆರೆದ. ಶನಿವಾರ ದೇವಕ್ಕನನ್ನು ಕಾಡಿ ಬೇಡಿ ಮಗುವನ್ನು ಅಲ್ಲಿ ಬಿಟ್ಟಳು. ಗಂಡನ ಸುಳ್ಳು ದುರಾಸೆಯದು; ಅದನ್ನು ತಿರಸ್ಕರಿಸುವುದು ಸುಲಭ. ಅತ್ತೆಯ ಸುಳ್ಳು ಮಾನದ್ದು. ಅದನ್ನು ಮುರಿಯಲು ಕೈ ಬಾರದು. ಆದರೆ ಒಲೆಗೆ ಈ ಭೇದ ತಿಳಿಯದು.

ಭಾನುವಾರ ಹತ್ತು ಗಂಟೆಗೆ ಕೊರಗಪ್ಪ ಬಂದರು. ಬಿಳಿಯ ಅಂಗಿ, ಕೈಯಲ್ಲಿ ಕಾಗದಗಳ ಫೈಲು, ಯಕ್ಷಿತಾಳಿಗೆ ಒಂದು ಚಾಕಲೇಟು. ಒಂದೇ ಕೋಣೆಯ ಮನೆಯಲ್ಲಿ ಇದ್ದ ಒಂದೇ ಕುರ್ಚಿಯನ್ನು ತಿಲಕ ಅವರಿಗೆ ಎಳೆದು ಹಾಕಿದ. ಅವರು ಅದರಲ್ಲಿ ಕೂರದೆ ಅಪ್ಪಿಯ ಎದುರು ಚಾಪೆಯ ಮೇಲೆ ಕುಳಿತರು.

"ಅಪ್ಪಿಯಕ್ಕ, ಸ್ವಲ್ಪ ಇಳಿದಿದ್ದೀರಿ."

"ಪ್ರಾಯ ಆಯಿತಲ್ವಾ ಕೊರಗಪ್ಪ. ನೀನೇನು ಏರಿದ್ದೀಯಾ? ಹೊಟ್ಟೆ ಮಾತ್ರ."

ಕೊರಗಪ್ಪ ಮನಸಾರೆ ನಕ್ಕರು. ನಕ್ಕು, ತಿಲಕನ ಕಡೆಗೆ ತಿರುಗಿದರು. "ನಿನಗೆ ಗೊತ್ತುಂಟಾ ತಿಲಕಾ, ನಿನ್ನ ಅಪ್ಪನ ಕ್ಯಾಂಟೀನಿನಲ್ಲಿ ನಾನು ಲೋಟ ತೊಳೆಯುತ್ತಿದ್ದೆ. ಒಂದು ದಿನ ಮಿಲ್ಲಿನ ಪಾಳಿ ಬಿಟ್ಟು ನಲವತ್ತು ಜನ ಬಂದು ನಿಂತಿದ್ದಾರೆ. ನಿನ್ನ ಅಮ್ಮ ಡಿಕಾಕ್ಷನ್ನಿನ ಹಂಡೆಯ ಮುಚ್ಚಳ ತೆಗೆದು ಮೂಸಿದರು, ಆಪುಜ್ಜಿ ಅಂದರು, ಇಡೀ ಹಂಡೆಯನ್ನು ಮೋರಿಗೆ ಚೆಲ್ಲಿಸಿದರು. ನಿನ್ನ ಅಪ್ಪ ತಲೆ ಚಚ್ಚಿಕೊಂಡರು. ನಲವತ್ತು ಜನ ಕಾದರು, ಮಾರಾಯ. ಒಬ್ಬ ಹೋಗಲಿಲ್ಲ. ಆವತ್ತು ನಾನು ಹೋಟೆಲು ಅಂದರೆ ಏನು ಅಂತ ಕಲಿತದ್ದು."

ಅಪ್ಪಿ ತಲೆ ತಗ್ಗಿಸಿ ಚಾಪೆಯ ಎಳೆಯೊಂದನ್ನು ಬಿಡಿಸತೊಡಗಿದರು.

ಕೊರಗಪ್ಪ ಚೀಲದಿಂದ ಎರಡು ಪೊಟ್ಟಣಗಳನ್ನು ತೆಗೆದರು. ಹೊಸ ಅಂಗಡಿಗೆಂದು ಅವರಿಗೆ ಇಬ್ಬರು ವ್ಯಾಪಾರಿಗಳು ಪುಡಿಯ ಮಾದರಿ ಕೊಟ್ಟಿದ್ದರಂತೆ. "ಸಹಿ ಆಮೇಲೆ. ಮೊದಲು ಅಕ್ಕ ಇದರಲ್ಲಿ ಯಾವುದು ಅಂತ ಹೇಳಲಿ. ಅದರಿಂದಲೇ ಶುರು ಮಾಡುವ."

ತಿಲಕ ಕ್ಷಣವೂ ತಡವರಿಸಲಿಲ್ಲ. "ತಟ್ಟೆಗೆ ಹಾಕಿ ತರುತ್ತೇನೆ" ಎಂದು ಎರಡನ್ನೂ ಎತ್ತಿಕೊಂಡು ಅಡುಗೆಮನೆಗೆ ನಡೆದ. ಅಲ್ಲಿ ವಿಜೇತಾ ಅತಿಥಿಗೆ ಕಾಫಿ ಮಾಡುತ್ತಿದ್ದಳು. ಅವನು ಪೊಟ್ಟಣಗಳನ್ನು ಬಿಡಿಸಿ ಮೂಸಿದ. ಒಂದರಲ್ಲಿ ಹಳೆಯ ಗೋಣಿಯ ಮುಗ್ಗಲು ಅಡರಿತ್ತು. ದೂರ ನಿಂತಿದ್ದ ವಿಜೇತಾಳಿಗೂ ಅದು ತಿಳಿಯಿತು. ಒಳ್ಳೆಯದನ್ನು ಅವನು ಅಂಚು ನೆಗ್ಗಿದ ತಟ್ಟೆಗೆ ಸುರಿದ, ಕೆಟ್ಟದ್ದನ್ನು ಸರಿಯಿದ್ದ ತಟ್ಟೆಗೆ.

"ಒಳ್ಳೆಯದು ನೆಗ್ಗಿದ ತಟ್ಟೆಯದ್ದು ಅಂತ ಅಮ್ಮನಿಗೆ ಬೆಳಿಗ್ಗೆಯೇ ಹೇಳಿಟ್ಟಿದ್ದೇನೆ. ಇಂಥದ್ದೇನಾದರೂ ತಂದೇ ತರುತ್ತಾರೆ ಅಂತ ಗೊತ್ತಿತ್ತು" ಎಂದು ಪಿಸುಗುಟ್ಟಿದ. "ಬೆರಳಿಗೆ ಸಿಗುತ್ತದೆ. ನೀನೇ ತೆಗೆದುಕೊಂಡು ಹೋಗಿ ಅಮ್ಮನ ಮುಂದೆ ಇಡು. ಹೆಂಗಸರು ತಂದರೆ ಸಹಜವಾಗಿರುತ್ತದೆ."

ಅವನು ಹೊರಗೆ ಹೋಗಿ ಕೊರಗಪ್ಪನವರ ಪಕ್ಕದಲ್ಲಿ ಕುಳಿತ. ಎರಡು ತಟ್ಟೆಗಳನ್ನು ಹಿಡಿದು ಬಾಗಿಲಿನಲ್ಲಿ ನಿಂತ ವಿಜೇತಾ ಅತ್ತೆಯನ್ನು ನೋಡಿದಳು. ನಲವತ್ತು ಜನರನ್ನು ಕಾಯಿಸಿ ಹಂಡೆ ಚೆಲ್ಲಿಸಿದ್ದ ಆ ಹೆಂಗಸು ಈಗ ಮಗ ಕಲಿಸಿಕೊಟ್ಟ ಪಾಠವನ್ನು ಒಪ್ಪಿಸಲು ಕಾದಿದ್ದರು. ನೆಗ್ಗನ್ನು ತಡವಲು ಬಲಗೈಯ ತೋರುಬೆರಳು ಆಗಲೇ ಸಿದ್ಧವಾಗಿ ಚಾಚಿಕೊಂಡಿತ್ತು. ತಾಯಿಯ ಮಾನ ಉಳಿಸುತ್ತೇನೆಂದು ಹೇಳಿಕೊಳ್ಳುವ ಮಗ ಅದನ್ನು ಒಂದು ತಟ್ಟೆಯ ಅಂಚಿಗೆ ತಂದು ನಿಲ್ಲಿಸಿದ್ದ. ಸುಮ್ಮನಿದ್ದರೆ ಇದು ಒಂದು ದಿನದ ಆಟವಲ್ಲ. ದಿನವೂ ಒಂದು ನೆಗ್ಗು, ದಿನವೂ ಒಂದು ಸನ್ನೆ. ಅತ್ತೆಗೆ ವಾಸನೆ ತಿಳಿಯುತ್ತದೆಯೆಂದು ಊರಿಗೆ ತೋರಿಸಬೇಕಾದಷ್ಟು ಕಾಲ, ಮನೆಯ ಒಲೆಯೂ ಅವರ ಕೈಯಲ್ಲೇ ಇರಬೇಕು.

ಯಕ್ಷಿತಾ ಚಾಕಲೇಟಿನ ಕಾಗದವನ್ನು ಅಜ್ಜಿಯ ಮೂಗಿಗೆ ಹಿಡಿದು ಆಟವಾಡುತ್ತಿದ್ದಳು. ಅಪ್ಪಿ ಸುಳ್ಳುಸುಳ್ಳೇ ಮೂಸಿ, "ಆಹಾ" ಎಂದರು.

ವಿಜೇತಾ ನಡೆದು ಬಂದು ಎರಡೂ ತಟ್ಟೆಗಳನ್ನು ಕೊರಗಪ್ಪನವರ ಮುಂದಿಟ್ಟಳು.

"ಇದನ್ನು ನೀವೇ ಮೂಸಬೇಕು, ಕೊರಗಪ್ಪಣ್ಣ. ಅತ್ತೆಗೆ ಆರು ತಿಂಗಳಿನಿಂದ ವಾಸನೆ ಬರುವುದಿಲ್ಲ."

ತಿಲಕ ಎದ್ದು ನಿಂತ. "ಅವಳಿಗೆ ತಲೆ ಸರಿಯಿಲ್ಲ ಎರಡು ದಿನದಿಂದ. ಜ್ವರ."

"ಮಂಗಳವಾರ ಮನೆಯಲ್ಲಿ ಗ್ಯಾಸು ತುಂಬಿತ್ತು" ಎಂದಳು ವಿಜೇತಾ. ಒಂದೊಂದು ಮಾತನ್ನೂ ಪೂರ್ತಿಯಾಗಿ ಹೇಳಿದಳು. "ಮಗು ಇಲ್ಲೇ ಇತ್ತು. ಅತ್ತೆಗೆ ಗೊತ್ತಾಗಲಿಲ್ಲ. ಇವರಿಗೆ ಮೊದಲೇ ಗೊತ್ತಿತ್ತು. ಮಳೆಗಾಲದಿಂದ ನಮ್ಮ ಅಂಗಡಿಯಲ್ಲಿ ಮಾರಿದ್ದು ಅಪ್ಪಿಯಕ್ಕ ಒಪ್ಪಿದ ಕಾಫಿ ಅಲ್ಲ. ಪುಡಿ ಕೆಟ್ಟದ್ದಲ್ಲ, ಆದರೆ ಅದು ಅಲ್ಲ."

ಕೊರಗಪ್ಪ ಅವಳನ್ನಾಗಲಿ ತಿಲಕನನ್ನಾಗಲಿ ನೋಡಲಿಲ್ಲ. "ಹೌದಾ ಅಕ್ಕ?"

ಅಪ್ಪಿ ಚಾಪೆಯಿಂದ ಕಣ್ಣೆತ್ತಲಿಲ್ಲ. ಹೌದೆಂದು ತಲೆ ಒಮ್ಮೆ ಅಲುಗಿತು.

"ನನಗೆ ಫೋನಿನಲ್ಲಿ ಒಂದು ಮಾತು ಹೇಳಬಹುದಿತ್ತು ತಿಲಕಾ" ಎಂದರು ಕೊರಗಪ್ಪ. "ಮೂಗು ಹೋಗುವುದು ಯಾರ ತಪ್ಪೂ ಅಲ್ಲ. ಬೇರೆ ದಾರಿ ಹುಡುಕುತ್ತಿದ್ದೆವು."

"ಅಣ್ಣ, ನಾನು ತಕ್ಕಡಿಯಲ್ಲಿ ತೂಗಿ..."

"ತೂಕದ್ದಲ್ಲ ಮಾರಾಯ. ಸರಿಯಿಲ್ಲದಾಗ ಸರಿಯಿಲ್ಲ ಅನ್ನುವವರು ಬೇಕಿತ್ತು ನನಗೆ. ಅದು ನಿನ್ನಿಂದ ಆಗುವುದಿಲ್ಲ ಅಂತ ಇವತ್ತು ಗೊತ್ತಾಯಿತು." ಅವರು ಫೈಲನ್ನು ಕಂಕುಳಿಗೆ ಸೇರಿಸಿ ಎದ್ದರು. ವಿಜೇತಾಳನ್ನು ಹೊಗಳಲಿಲ್ಲ. ಅಂಗಡಿಯನ್ನು ಅವಳ ಹೆಸರಿಗೆ ಕೊಡುತ್ತೇನೆಂದು ಹೇಳಲಿಲ್ಲ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, "ಅಕ್ಕ, ನಾನು ಬರುತ್ತಾ ಇರುತ್ತೇನೆ" ಎಂದಷ್ಟೇ ಹೇಳಿ ಇಳಿದುಹೋದರು.

ಅವರ ಹೆಜ್ಜೆಯ ಸದ್ದು ಕೆಳಗೆ ಅಡಗುವವರೆಗೆ ತಿಲಕ ಕಾದ. "ಎಂಟು ತಿಂಗಳು" ಎಂದ. "ಎಂಟು ತಿಂಗಳು ನಾನು ಅದಕ್ಕಾಗಿ ಅಲೆದಿದ್ದೇನೆ. ನಿನಗೆ ಈಗ ಸಮಾಧಾನವಾಯಿತಾ?"

"ಇಲ್ಲ" ಎಂದಳು ವಿಜೇತಾ. "ನನಗೂ ಆ ಅಂಗಡಿ ಬೇಕಿತ್ತು. ನಾಳೆಯಿಂದ ಫೋರ್ಟಿಗೆ ಬೆಳಿಗ್ಗೆ ನೀವು ಹೋಗಿ. ಮಗುವನ್ನು ಶಾಲೆಗೆ ಬಿಟ್ಟು, ಅಡುಗೆ ಮುಗಿಸಿ ನಾನು ಹತ್ತಕ್ಕೆ ಬರುತ್ತೇನೆ, ಶಾಲೆ ಬಿಡುವ ಹೊತ್ತಿಗೆ ಹಿಂದೆ ಹೋಗುತ್ತೇನೆ. ಇಲ್ಲವೆಂದರೆ ಅಂಗಡಿ ಮುಚ್ಚಿರಲಿ."

"ಒಂದೂವರೆ ಗಂಟೆಯ ಮಟ್ಟಿಗೆ ಬಂದು ಹೋಗುವುದಕ್ಕೆ ಅದೇನು ದೇವಸ್ಥಾನವಾ?"

"ಹಾಗಾದರೆ ಬರುವುದೇ ಇಲ್ಲ."

ಅವನು ಬಾಗಿಲನ್ನು ಬಡಿದು ಹೊರಗೆ ಹೋದ. ಅಪ್ಪಿ ಗೋಡೆಯ ಕಡೆಗೆ ಮುಖ ಮಾಡಿ ಮಲಗಿದರು. ಮಧ್ಯಾಹ್ನದ ಊಟಕ್ಕೆ ಏಳಲಿಲ್ಲ. ವಿಜೇತಾ ತಟ್ಟೆ ತಂದಿಟ್ಟಾಗ, "ನಾಯಿಗೆ ಹಾಕು" ಎಂದರು. ಅಷ್ಟೇ ಮಾತು. ತಾನು ಸರಿಯಾದುದನ್ನೇ ಮಾಡಿದೆನೆಂಬುದರಲ್ಲಿ ಅವಳಿಗೆ ಸಂದೇಹವಿರಲಿಲ್ಲ. ಅದರಿಂದ ಅವಳ ಎದೆಯ ಭಾರ ಎಳ್ಳಷ್ಟೂ ಇಳಿಯಲಿಲ್ಲ.

ಸೋಮವಾರ ಬೆಳಿಗ್ಗೆ ನಾಲ್ಕೂ ಮುಕ್ಕಾಲಿಗೆ ಅಲಾರಾಂ ಹೊಡೆದು ತಾನಾಗಿಯೇ ನಿಂತಿತು. ಪ್ರತಿದಿನ ಅದನ್ನು ಆರಿಸುತ್ತಿದ್ದವಳು ವಿಜೇತಾ. ಅವಳು ಕಣ್ಣು ತೆರೆದು ಮಲಗಿಯೇ ಇದ್ದಳು. ಪಕ್ಕದಲ್ಲಿ ತಿಲಕನೂ ಎಚ್ಚರವಾಗಿದ್ದನೆಂದು ಉಸಿರಿನಿಂದ ತಿಳಿಯುತ್ತಿತ್ತು. ಐದು ಗಂಟೆಯಾಯಿತು. ನಲ್ಲಿಗೆ ನೀರು ಬಂತು. ಐದೂ ಹತ್ತಾಯಿತು. ಐದೂವರೆಯ ಗಾಡಿ ತಪ್ಪಿದರೆ ಈಶ್ವರ ಶಟರಿನ ಮುಂದೆ ನಿಂತಿರುತ್ತಾನೆ, ಹಾಲಿನವನು ಬಂದು ಹಿಂತಿರುಗುತ್ತಾನೆ, ಹನ್ನೊಂದು ವರ್ಷಗಳಲ್ಲಿ ಮೊದಲ ಬಾರಿ ಅಂಗಡಿ ಕೆಲಸದ ದಿನ ಮುಚ್ಚಿರುತ್ತದೆ. ಅವಳ ಕಾಲುಗಳು ತಾವಾಗಿಯೇ ಏಳಲು ಹವಣಿಸಿದವು; ಅವಳು ಹಲ್ಲು ಕಚ್ಚಿ ಅವುಗಳನ್ನು ಚಾದರದ ಅಡಿಯಲ್ಲಿ ಹಿಡಿದಿಟ್ಟಳು.

ಐದೂ ಹದಿನೈದಕ್ಕೆ ತಿಲಕ ಎದ್ದ. ದೀಪ ಹಾಕದೆ ಮುಖ ತೊಳೆದ, ಅಂಗಿ ತೊಟ್ಟ. ಬಾಗಿಲ ಬಳಿ ನಿಂತು, "ಶಟರಿನ ಬೀಗದ ಕೈ ಎಲ್ಲುಂಟು?" ಎಂದು ಕತ್ತಲಿಗೆ ಕೇಳಿದ. ಆರು ತಿಂಗಳಿನಿಂದ ಅವನು ಆ ಶಟರನ್ನು ತೆರೆದಿರಲಿಲ್ಲ.

"ನನ್ನ ಚೀಲದ ಒಳಜೇಬಿನಲ್ಲಿ. ಬೀಗ ಸ್ವಲ್ಪ ಬಿಗಿ. ಎಡಕ್ಕೆ ಒತ್ತಿ ತಿರುಗಿಸಬೇಕು."

ಅವನು ಕತ್ತಲಲ್ಲೇ ಚೀಲ ತಡಕಿ ಬೀಗದ ಕೈ ತೆಗೆದುಕೊಂಡು ಹೋದ.

ಆರೂವರೆಗೆ ವಿಜೇತಾ ಮಗುವಿಗೆ ಶಾಲೆಯ ಉಡುಪು ತೊಡಿಸಿ, ಬಾಚಣಿಗೆ ಕೈಗೆತ್ತಿಕೊಂಡಳು. ಗೋಡೆಯ ಕಡೆಯಿಂದ ಅಪ್ಪಿ ಮಗ್ಗುಲು ಬದಲಿಸಿದರು.

"ಒಲೆಯ ಹತ್ತಿರ ನಾನು ಹೋಗುವುದಿಲ್ಲ" ಎಂದರು. ಸ್ವರದಲ್ಲಿ ಸಿಟ್ಟು ಹಾಗೇ ಇತ್ತು. "ಮಗುವಿಗೆ ಜಡೆ ಹಾಕುವುದು ನಾನು. ಅದಕ್ಕೆ ಮೂಗು ಬೇಡ."

ವಿಜೇತಾ ಬಾಚಣಿಗೆಯನ್ನು ಮಗಳ ಕೈಗೆ ಕೊಟ್ಟು ಅಜ್ಜಿಯ ಕಡೆಗೆ ದೂಡಿದಳು. ಅಪ್ಪಿ ಎದ್ದು ಕುಳಿತು, ಮಗುವನ್ನು ಮೊಣಕಾಲುಗಳ ನಡುವೆ ಹಿಡಿದು, ಕೂದಲನ್ನು ಬಿಗಿಯಾಗಿ ಎಳೆದರು.

"ಅಜ್ಜಿ, ದುಖ್ತಾ ಹೈ" ಎಂದು ಯಕ್ಷಿತಾ ಮುಖ ಹಿಂಡಿದಳು.

"ಸುಮ್ಮನೆ ಕೂತುಕೋ. ಶಾಲೆಗೆ ತಡವಾಗುತ್ತದೆ."